ಬಾಯಿ ಮುಚ್ಚಿಸೋ ಕಾನೂನಿಗೆ ಇಷ್ಟು ಅವಸರ ಯಾಕೆ?



ಸ್ವಲ್ಪ ಉದ್ದದ ಬರಹ, ಬಿಡುವು ಮಾಡಿಕೊಂಡು ಓದಿ. ಇಂಟರ್ನೆಟ್ ಕಾನೂನು ಅಂದ್ರೆ ಅದು ಬೆಂಗಳೂರಿನ ಸಾಫ್ಟ್‌ವೇರ್‌ನವರ ತಲೆನೋವು, ನಮಗೇನು ಸಂಬಂಧ ಅಂತ ನಮ್ಮ ಕೇರಿಯ ಹುಡುಗರೇ ಕೇಳ್ತಾರೆ. ನಮಗೇ ಹೆಚ್ಚು ಸಂಬಂಧ. ಅದನ್ನ ತೋರಿಸೋಕೆ ಕೆಲವು ತಾರೀಖುಗಳನ್ನ ಅಕ್ಕಪಕ್ಕ ಇಡ್ತೀನಿ, ಅಷ್ಟೇ.

2000ನೇ ಇಸವಿ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಏಳು ಜನ ದಲಿತರನ್ನ ಜೀವಂತ ಸುಟ್ಟರು. ರಾಜ್ಯದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ, ಬೆಂಗಳೂರನ್ನ ಐಟಿ ರಾಜಧಾನಿ ಮಾಡೋ ಸಂಭ್ರಮ. ದೆಹಲಿಯಲ್ಲಿ ವಾಜಪೇಯಿ ಸರ್ಕಾರ. ಅದೇ ವರ್ಷದ ಮೇ ತಿಂಗಳಲ್ಲಿ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆ ಪಾಸು ಮಾಡಿತು. ಜೂನ್ 9ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಅಕ್ಟೋಬರ್ 17ಕ್ಕೆ ಜಾರಿಯಾಯ್ತು. ಜಾರಿಯಾದ ದಿನವೇ ಅದರ ನಿಯಮಗಳೂ ಗೆಜೆಟ್‌ನಲ್ಲಿ ಬಂದವು!

ಕಾಯ್ದೆ ಬಂದ ದಿನವೇ ನಿಯಮ ಬರೋದು ಎಷ್ಟು ಅಪರೂಪ ಅಂತ ಕಚೇರಿಯಲ್ಲಿ ಕಡತ ಹಿಡಿದು ಬದುಕೋ ನನ್ನಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ನಿಯಮ ಇಲ್ಲದ ಕಾಯ್ದೆ ಅಂದ್ರೆ ಎಂಜಿನ್ ಇಲ್ಲದ ಬಸ್ಸು. ಈಗ ದೌರ್ಜನ್ಯ ತಡೆ ಕಾಯ್ದೆ ನೋಡಿ. ಸಂಸತ್ತು ಅದನ್ನ ಮಾಡಿದ್ದು 1989ರಲ್ಲಿ, ಜಾರಿಗೆ ಬಂದದ್ದು 1990ರ ಜನವರಿ 30ಕ್ಕೆ. ನಿಯಮ ಬಂದದ್ದು ಯಾವಾಗ? 1995ರ ಮಾರ್ಚ್ 31ಕ್ಕೆ. ಐದು ವರ್ಷ! ಪರಿಹಾರ ಎಷ್ಟು, ತನಿಖೆ ಮಾಡೋ ಅಧಿಕಾರಿ ಯಾವ ದರ್ಜೆಯವನಿರಬೇಕು, ಜಿಲ್ಲಾ ಸಮಿತಿಯಲ್ಲಿ ಯಾರಿರಬೇಕು ಎಂಬುದನ್ನ ಬರೆಯೋಕೆ ಐದು ವರ್ಷ.

ಐಟಿ ಕಾಯ್ದೆ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಡಿಜಿಟಲ್ ಸಹಿ, ಆನ್‌ಲೈನ್ ವ್ಯಾಪಾರ ಇದಕ್ಕೆಲ್ಲ ಕಾನೂನು ಬೇಕಿತ್ತು. ಆದರೆ ಕಂಬಾಲಪಲ್ಲಿಗೂ ಒಂದು ಕಾನೂನು ಬೇಕಿತ್ತು. ಸಾಕ್ಷಿಗಳಿಗೆ ರಕ್ಷಣೆ ಬೇಕಿತ್ತು. ಅದು ಸಿಗಲಿಲ್ಲ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ನಿಂತರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ದೌರ್ಜನ್ಯ ತಡೆ ಕಾಯ್ದೆಯೊಳಗೆ ಸಂತ್ರಸ್ತರ, ಸಾಕ್ಷಿಗಳ ಹಕ್ಕು ಅಂತ ಒಂದು ಅಧ್ಯಾಯ ಸೇರಿದ್ದು 2015ರ ತಿದ್ದುಪಡಿಯಲ್ಲಿ, ಜಾರಿಯಾದದ್ದು 2016ರ ಜನವರಿ 26ಕ್ಕೆ. ಆ ಹೊತ್ತಿಗೆ ಕಂಬಾಲಪಲ್ಲಿಯ ಬೂದಿ ಆರಿ ಹದಿನಾರು ವರ್ಷ ಆಗ್ತಾ ಬಂದಿತ್ತು.

ಮುಂದೆ 2008. ಈಗ ಮನಮೋಹನ್ ಸಿಂಗ್ ಸರ್ಕಾರ. ಮುಂಬೈ ದಾಳಿಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಡಿಸೆಂಬರ್ 22ಕ್ಕೆ ಲೋಕಸಭೆ, 23ಕ್ಕೆ ರಾಜ್ಯಸಭೆ, ಎರಡೇ ದಿನದಲ್ಲಿ ಐಟಿ ಕಾಯ್ದೆಯ ತಿದ್ದುಪಡಿ ಪಾಸು. ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಲೋಕಸಭೆ ದಾಟಿಬಿಟ್ಟಿತು. ಅದರೊಳಗೆ ಕೂತಿತ್ತು 66ಎ ಅನ್ನೋ ಕಲಮು. ಕಂಪ್ಯೂಟರ್, ಮೊಬೈಲ್ ಮೂಲಕ ತೀರಾ ಆಕ್ಷೇಪಾರ್ಹವಾದದ್ದನ್ನ ಕಳಿಸಿದರೆ, ಸುಳ್ಳು ಅಂತ ಗೊತ್ತಿದ್ದೂ ಕಿರಿಕಿರಿ, ಅನಾನುಕೂಲ ಉಂಟುಮಾಡೋಕೆ ಏನಾದರೂ ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಯಾರಿಗೆ ಕಿರಿಕಿರಿ? ಎಷ್ಟು ಕಿರಿಕಿರಿ? ಅಳೆಯೋ ತಕ್ಕಡಿ ಪೊಲೀಸ್ ಠಾಣೆಯಲ್ಲಿತ್ತು.

ಈ ಕಲಮು ಜಾರಿಯಾಗಿದ್ದು 2009ರ ಅಕ್ಟೋಬರ್‌ನಲ್ಲಿ. ಒಂಬತ್ತು ತಿಂಗಳು ಕಳೆದ ಮೇಲೆ, 2010ರ ಜುಲೈ 20ರಂದು, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯ್ತು ಅನ್ನೋದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ತಲೆಮಾರುಗಳಿಂದ ಮಲ ಹೊತ್ತ ಭಂಗಿ ಸಮುದಾಯದವರನ್ನ ಅವರು ವಾಸವಿದ್ದ ಜಾಗದಿಂದ ಎಬ್ಬಿಸೋಕೆ ಹೊರಟಿದ್ರು. ಮನವಿ ಕೊಟ್ಟು ಕೊಟ್ಟು ಸಾಕಾಗಿ, ಪುರಸಭೆ ಕಚೇರಿ ಎದುರು ಮೈಮೇಲೆ ಮಲ ಸುರಿದುಕೊಂಡರು. ಇಡೀ ರಾಜ್ಯ ಬೆಚ್ಚಿಬಿತ್ತು. ಮಲ ಹೊರುವ ಪದ್ಧತಿ ನಿಷೇಧಿಸೋ ಕಾಯ್ದೆ 1993ರಲ್ಲೇ ಬಂದಿತ್ತಲ್ಲ ಅಂತ ಕೇಳಬಹುದು. ಬಂದಿತ್ತು. ಅಂಥ ಕಾಯ್ದೆ ಮಾಡಿ ಅಂತ ಕೇಂದ್ರವನ್ನ ಕೇಳಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ 93ರ ಕಾಯ್ದೆ ಜಾರಿಯಾಗಿದ್ದು 97ರ ಜನವರಿ 26ಕ್ಕೆ. ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ತೀರ್ಪು ಬಂದದ್ದು 2014ರಲ್ಲಿ. ಅಷ್ಟರಲ್ಲಿ 2013ರ ಹೊಸ ಕಾಯ್ದೆ ಬಂತು. ಅದು ಜಾರಿಯಾದ ದಿನ ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ. ತಾರೀಖು ಆರಿಸೋದರಲ್ಲಿ ಮಾತ್ರ ನಮ್ಮ ಸರ್ಕಾರಗಳು ಯಾವತ್ತೂ ಹಿಂದೆ ಬಿದ್ದಿಲ್ಲ.

66ಎ ಯಾರ ಕೊರಳಿಗೆ ಬಿತ್ತು? 2012ರಲ್ಲಿ ಕೋಲ್ಕತ್ತದ ಒಬ್ಬ ಪ್ರಾಧ್ಯಾಪಕರು ಮುಖ್ಯಮಂತ್ರಿ ಮೇಲಿನ ವ್ಯಂಗ್ಯಚಿತ್ರವನ್ನ ಇಮೇಲ್‌ನಲ್ಲಿ ಕಳಿಸಿ ಬಂಧನಕ್ಕೊಳಗಾದರು. ಅದೇ ವರ್ಷ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರು. ಒಬ್ಬಳು ಠಾಕ್ರೆ ಸತ್ತಾಗಿನ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಳು. 2015ರ ಮಾರ್ಚ್ 24ಕ್ಕೆ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ಕಿತ್ತುಹಾಕಿತು. ಆದರೂ ಠಾಣೆಗಳಲ್ಲಿ ಅದು ಸಾಯಲಿಲ್ಲ. ಸತ್ತ ಕಲಮಿನಡಿ ಕೇಸು ಹಾಕೋದು ನಡೀತಾನೇ ಇತ್ತು. ಯಾರ ಮೇಲೂ ಇನ್ನು ಮೊಕದ್ದಮೆ ನಡೆಸಬೇಡಿ ಅಂತ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಆದೇಶ ಮಾಡಬೇಕಾಯ್ತು. ನಮ್ಮನ್ನ ಕಾಯೋ ಕಾಯ್ದೆ ಬದುಕಿದ್ದೂ ಸತ್ತಂಗೆ ಇರುತ್ತೆ. ಬಾಯಿ ಮುಚ್ಚಿಸೋದು ಸತ್ತರೂ ಕೆಲಸ ಮಾಡುತ್ತೆ.

ನಮಗೆ ಇಂಟರ್ನೆಟ್ ಯಾಕೆ ಬೇಕು ಅನ್ನೋದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು. 1920ರ ಜನವರಿ 31ಕ್ಕೆ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದ್ರೂ ಅದರ ಜಾಹೀರಾತನ್ನ ತಿಲಕರ 'ಕೇಸರಿ' ಹಾಕಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮಲ್ಲಿ 'ಪಂಚಮ' ಪತ್ರಿಕೆ ಹುಟ್ಟಿದ್ದೂ ನಮ್ಮ ಮಾತಿಗೆ ನಮ್ಮದೇ ಜಾಗ ಬೇಕು ಅಂತಲೇ. ಅವರ ಅಚ್ಚುಮನೆಯಲ್ಲಿ ನಮಗೆ ಜಾಗ ಇರಲಿಲ್ಲ. ಮೊಬೈಲ್ ಬಂದ ಮೇಲೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇದರ ಬಲ ಕಂಡದ್ದು 2018ರ ಏಪ್ರಿಲ್ 2ಕ್ಕೆ. ದೌರ್ಜನ್ಯ ತಡೆ ಕಾಯ್ದೆಯನ್ನ ಸಡಿಲ ಮಾಡಿದ ಮಾರ್ಚ್ 20ರ ಸುಪ್ರೀಂ ಕೋರ್ಟ್ ತೀರ್ಪಿನ ವಿರುದ್ಧ ಭಾರತ್ ಬಂದ್. ದೊಡ್ಡ ಪಕ್ಷ ಕರೆ ಕೊಟ್ಟಿರಲಿಲ್ಲ, ಬಹುಪಾಲು ವಾಟ್ಸಾಪ್, ಫೇಸ್‌ಬುಕ್‌ನಲ್ಲೇ ಹಬ್ಬಿದ ಕರೆ. ಸರ್ಕಾರಗಳು ಮಾಡಿದ್ದೇನು? ಪಂಜಾಬ್‌ನಲ್ಲಿ ಮುಂಚಿತವಾಗಿಯೇ ಮೊಬೈಲ್ ಇಂಟರ್ನೆಟ್ ಬಂದ್. ಉತ್ತರದ ಬೇರೆ ರಾಜ್ಯಗಳಲ್ಲೂ ಅಲ್ಲಲ್ಲಿ ಬಂದ್. ಆ ದಿನ ಹಲವರು ಸತ್ತರು, ಬಹುತೇಕರು ನಮ್ಮವರು. ಇಂಟರ್ನೆಟ್ ಕತ್ತರಿಸೋಕೆ ಆಗ ಬಳಸ್ತಿದ್ದ ನಿಯಮಗಳನ್ನ ಎಂಟು ತಿಂಗಳ ಹಿಂದೆಯಷ್ಟೇ, 2017ರ ಆಗಸ್ಟ್‌ನಲ್ಲಿ ಮಾಡಿದ್ದರು. ಅದರ ತಾಯಿ ಕಾಯ್ದೆ 1885ರ ಬ್ರಿಟಿಷರ ತಂತಿ ಕಾಯ್ದೆ! ಅದೇ ನಿಯಮಗಳ ಕಾಲದಲ್ಲಿ 2019ರ ಆಗಸ್ಟ್‌ನಿಂದ ಕಾಶ್ಮೀರ ಕತ್ತಲಾಯ್ತು, ಅಲ್ಲಿ 4ಜಿ ವಾಪಸ್ ಬಂದದ್ದು 2021ರ ಫೆಬ್ರವರಿಗೆ. 2019ರ ಡಿಸೆಂಬರ್‌ನಲ್ಲಿ ಗೋಲಿಬಾರ್ ಆದಾಗ ನಮ್ಮ ಮಂಗಳೂರಿನಲ್ಲೂ ಇಂಟರ್ನೆಟ್ ನಿಲ್ಲಿಸಿದ್ರು.

ಹಾಗಾದ್ರೆ ಜಾಲತಾಣದಲ್ಲಿ ನಮ್ಮನ್ನ ಜಾತಿ ಹಿಡಿದು ಬೈಯೋರನ್ನ ಬಿಟ್ಟುಬಿಡಬೇಕಾ ಅಂತ ಕೆಲವರು ಕೇಳ್ತಾರೆ. ಬಿಡಬಾರದು. ಅದಕ್ಕೆ ದೌರ್ಜನ್ಯ ತಡೆ ಕಾಯ್ದೆಯೇ ಇದೆ. ಆನ್‌ಲೈನ್ ನಿಂದನೆಗೂ ಅದು ಅನ್ವಯಿಸುತ್ತೆ ಅಂತ ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ಇರೋ ಕಾಯ್ದೆಯಲ್ಲಿ ಎಫ್‌ಐಆರ್ ಹಾಕಿಸೋಕೇ ಠಾಣೆ ಮುಂದೆ ಧರಣಿ ಕೂರಬೇಕಾದ ಸ್ಥಿತಿ ನಮ್ಮದು. ಹೊಸ ಕಾಯ್ದೆ ಕೊಟ್ಟರೆ ಅದೇ ಇನ್‌ಸ್ಪೆಕ್ಟರ್ ಅದನ್ನ ಯಾರ ಮೇಲೆ ಮೊದಲು ಹಾಕ್ತಾನೆ, ನೀವೇ ಹೇಳಿ.

ಕಡೆಗೆ ನಮ್ಮ ರಾಜ್ಯಕ್ಕೆ ಬರೋಣ. 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ನಿಷೇಧದ ಮಸೂದೆಯ ಕರಡೊಂದು ಹೊರಬಿತ್ತು. ನಾವೇ ಓಟು ಹಾಕಿ ಗೆಲ್ಲಿಸಿದ ಕಾಂಗ್ರೆಸ್ ಸರ್ಕಾರದ್ದು. ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಯಾವುದು ಸುಳ್ಳು ಅಂತ ತೀರ್ಮಾನಿಸೋಕೆ ಸರ್ಕಾರದ್ದೇ ಒಂದು ಪ್ರಾಧಿಕಾರ. ಅದರಲ್ಲಿ 'ಸನಾತನ ಸಂಕೇತಗಳಿಗೆ ಅಗೌರವ' ಅನ್ನೋದೂ ನಿಷೇಧದ ಪಟ್ಟಿಯಲ್ಲಿತ್ತು! 1927ರ ಡಿಸೆಂಬರ್ 25ಕ್ಕೆ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟದ್ದನ್ನ ಪ್ರತಿ ವರ್ಷ ಇಲ್ಲಿ ನೆನೆಸಿಕೊಳ್ತೀವಲ್ಲ, ಆ ಪೋಸ್ಟ್ ಯಾವ ಪಟ್ಟಿಗೆ ಸೇರ್ತಿತ್ತು? ವಿರೋಧ ಬಂದ ಮೇಲೆ ಇದು ಬರೀ ಕರಡು ಅಂದ್ರು.

ಈ ಕರಡು ಬೇರೆ ಹೆಸರಲ್ಲಿ ಮತ್ತೆ ಬಂದ್ರೆ ನಿಮ್ಮ ಶಾಸಕರ ಮುಂದೆ ಇದನ್ನ ಇಡಿ. ಸಾರ್ವಜನಿಕವಾಗಿ ಜಾತಿ ಹೆಸರಲ್ಲಿ ಬೈದವನಿಗೆ ಕಾಯ್ದೆಯಲ್ಲಿರೋ ಗರಿಷ್ಠ ಶಿಕ್ಷೆ 5 ವರ್ಷ. ರಕ್ಷಣಾ ಸಲಕರಣೆ ಕೊಡದೆ ಮನುಷ್ಯನನ್ನ ಮ್ಯಾನ್‌ಹೋಲಿಗೆ ಇಳಿಸಿದವನಿಗೆ 2013ರ ಕಾಯ್ದೆಯಡಿ ಮೊದಲ ಸಲ ಗರಿಷ್ಠ 2 ವರ್ಷ, ಇಲ್ಲಾಂದ್ರೆ ಬರೀ 2 ಲಕ್ಷದವರೆಗೆ ದಂಡ ಕಟ್ಟಿದರೂ ಮುಗೀತು. ಒಂದು ಪೋಸ್ಟ್ ಹಾಕಿದವನಿಗೆ ಇವರು ಬರೆದಿಟ್ಟಿದ್ದು 7 ವರ್ಷ, 10 ಲಕ್ಷ. ಈ ಲೆಕ್ಕ ಹಾಕಿದವರು ಯಾರು ಅಂತ ಕೇಳಿ. ಉತ್ತರ ಲಿಖಿತವಾಗಿ ತಗೊಳ್ಳಿ.