ಗಿಡದ ಬುಡಕ್ಕೆ ಹೋದ ಹಾಲು

1996ರಲ್ಲಿ ನಾನು ದೇವದುರ್ಗದ ಒಂದು ಶಾಲೆಯಲ್ಲಿ ಟೀಚರ್. ಮನೆ ರಾಯಚೂರಿನಲ್ಲಿ. ಮಗಳಿಗೆ ಮೂರು ತಿಂಗಳು ತುಂಬುತ್ತಲೇ ಕೆಲಸಕ್ಕೆ ಹಾಜರಾದೆ. ಬೆಳಗಿನ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆಗೇ. ಮೂರನೇ ಪೀರಿಯಡ್ಡಿನ ಹೊತ್ತಿಗೆ ಎದೆ ಕಟ್ಟಿ ಕಲ್ಲಾಗುತ್ತಿತ್ತು. ಕ್ಲಾಸಿನಲ್ಲಿ ಯಾವುದಾದರೂ ಮಗು ಅತ್ತರೆ ಸಾಕು, ರವಿಕೆ ಒದ್ದೆ. ಸೆರಗು ಹೊದ್ದು ಹಿಂದಿನ ಬಚ್ಚಲಿಗೆ ಹೋಗಿ, ಲೋಟಕ್ಕೆ ಹಿಂಡಿ, ಬೇವಿನ ಗಿಡದ ಬುಡಕ್ಕೆ ಹಾಕಿ ಬರುತ್ತಿದ್ದೆ. "ತುಳಿಯೋ ಜಾಗಕ್ಕ ಚೆಲ್ಲಬ್ಯಾಡವ್ವ, ಗಿಡಕ್ಕ ಹಾಕು" ಎಂದು ಅತ್ತೆ ಹೇಳಿದ್ದರು. ಅದೇ ಹೊತ್ತಿಗೆ ಮನೆಯಲ್ಲಿ ಅವರು ನನ್ನ ಕೂಸಿಗೆ ನೀರು ಬೆರೆಸಿದ ಎಮ್ಮೆಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ಎರಡು ಸಲ ಭೇದಿಯಾಗಿ ಕೂಸು ದವಾಖಾನೆ ಸೇರಿತು.

ನಮ್ಮ ಅವ್ವನ ಕಾಲಕ್ಕೆ ಈ ಪೇಚು ಇರಲಿಲ್ಲ. ಕೂಸು ತಾಯಿಯ ಜೊತೆ ಹೊಲಕ್ಕೇ ಹೋಗುತ್ತಿತ್ತು. ತಾಯಿಗೆ ಜ್ವರ ಬಂದರೆ ಓಣಿಯ ಇನ್ನೊಬ್ಬ ಬಾಣಂತಿ ಎದೆಗೆ ಹಾಕಿಕೊಳ್ಳುತ್ತಿದ್ದಳು. ಹಾಲನ್ನು ಹಿಂಡಿ ಕಾಪಿಡುವ ಕ್ರಮ ಬೆಳೆದದ್ದು ದೊಡ್ಡ ಆಸ್ಪತ್ರೆಗಳಲ್ಲಿ. ಜಗತ್ತಿನ ಮೊದಲ ತಾಯಿಹಾಲಿನ ಬ್ಯಾಂಕು 1909ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತು. ನಮ್ಮ ದೇಶದ ಮೊದಲನೆಯದನ್ನು 1989ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಅದು ಬಂದದ್ದು 2022ರಲ್ಲಿ. ನಾನು ಬೇವಿಗೆ ಹಾಲೆರೆಯುತ್ತಿದ್ದಾಗ ಮುಂಬಯಿಯಲ್ಲಿ ಏಳು ವರ್ಷಗಳಿಂದ ಅದನ್ನು ಹನಿಹನಿಯಾಗಿ ಕೂಡಿಡುತ್ತಿದ್ದರು! ನಮಗೆ ಹೇಳುವವರಿರಲಿಲ್ಲ. ಹೇಳಿದ್ದರೂ ನಮ್ಮ ಮನೆಯಲ್ಲಿ ಫ್ರಿಜ್ ಎಲ್ಲಿತ್ತು?

ಈಗ ಮಗಳು ಮಾನ್ವಿಯಲ್ಲಿ ಕೆಲಸಕ್ಕಿದ್ದಾಳೆ. 1961ರ ಕಾಯಿದೆಯ 12 ವಾರಗಳ ಹೆರಿಗೆ ರಜೆ 2017ರಲ್ಲಿ 26 ವಾರವಾಗಿದೆ. ಹಾಗಾಗಿ ಅವಳಿಗೆ ಆರು ತಿಂಗಳು ಸಿಕ್ಕಿತು. ರಜೆ ಮುಗಿದ ಮೇಲೆ ಹಾಲು ಹಿಂಡಿ, ಡಬ್ಬಿಯ ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟು ಹೋಗುತ್ತಾಳೆ. ಕುಡಿಸುವವಳು ನಾನು. ಮೊದಲ ದಿನ ನೋಡಿದರೆ ಮೇಲೆ ಕೆನೆ, ಕೆಳಗೆ ನೀಲಿ ನೀರು. ಒಡೆದಿದೆ ಎಂದು ಚೆಲ್ಲಲು ಹೊರಟಿದ್ದೆ. ಫೋನಿನಲ್ಲೇ ಕೂಗಿದಳು, "ಅವ್ವಾ, ಚೆಲ್ಲಬ್ಯಾಡ! ಮೆಲ್ಲಗ ಅಲ್ಲಾಡ್ಸು, ಕೂಡ್ತದ."

25 ಡಿಗ್ರಿ ಸೆಖೆಯಲ್ಲಿ ಹಾಲು ನಾಲ್ಕು ತಾಸು ತಡೆಯುತ್ತದೆ ಎನ್ನುತ್ತಾರೆ. ಮೇ ತಿಂಗಳಲ್ಲಿ 40 ದಾಟುವ ನಮ್ಮ ರಾಯಚೂರಿಗೆ ಆ ಲೆಕ್ಕ ಯಾತಕ್ಕೆ? ಹಿಂಡಿದ ಕೂಡಲೇ ತಂಪಿಗಿಡಬೇಕು. ಫ್ರಿಜ್ಜಿನ ಒಳಮೂಲೆಯಲ್ಲಾದರೆ ನಾಲ್ಕು ದಿನ, ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆಯಲ್ಲಿ ಎರಡು ವಾರ. ಆರು ತಿಂಗಳೆನ್ನುವುದು ಮೈನಸ್ 18 ಡಿಗ್ರಿಯ ಫ್ರೀಜರಿಗೆ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡುತ್ತೇನೆ. ಕೂಸು ಕುಡಿದು ಬಿಟ್ಟದ್ದನ್ನು ಎರಡು ತಾಸಿನ ಮೇಲೆ ಇಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಹೋದ ಕರೆಂಟು ಮರುದಿನ ಬೆಳಗಾದರೂ ಬರಲಿಲ್ಲ. ರಾತ್ರಿಯಿಡೀ ಫ್ರಿಜ್ಜಿನ ಬಾಗಿಲು ತೆಗೆಯಲಿಲ್ಲ. ಐಸ್ ಉಳಿದಿದ್ದರೆ ಮತ್ತೆ ಗಟ್ಟಿ ಮಾಡಬಹುದಿತ್ತು. ತೆಗೆದು ನೋಡಿದರೆ ಐದೂ ಡಬ್ಬಿಗಳಲ್ಲಿ ಒಂದು ಚೂರೂ ಇಲ್ಲ, ಅಂಗೈಗೆ ತಂಪೇ ತಾಗಲಿಲ್ಲ. ಮಗಳು ಒಂದು ಮಾತೂ ಆಡದೆ ಮಾನ್ವಿ ಬಸ್ಸಿಗೆ ಹೊರಟಳು. ನಾನು ಡಬ್ಬಿಗಳನ್ನು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಒಯ್ದೆ.