ರೋಮ್‌ನ ಬಿಸಿಲು, ಬೊರ್ಗೇಸೆಯ ನೆರಳು

ರೋಮ್‌ನ ಹಳೆಯ ಕೋಟೆಗೋಡೆಗೆ ಉತ್ತರದಲ್ಲಿ, ಪಿಂಚೊ ಗುಡ್ಡದ ಮಗ್ಗುಲಿಗೆ ಸುಮಾರು 80 ಹೆಕ್ಟೇರ್ ಹರಡಿರುವ ಉದ್ಯಾನವೇ ವಿಲ್ಲಾ ಬೊರ್ಗೇಸೆ. ಜುಲೈ, ಆಗಸ್ಟ್ ತಿಂಗಳಲ್ಲಿ ಈ ನಗರದ ಮಧ್ಯಾಹ್ನದ ತಾಪ 30 ಡಿಗ್ರಿ ದಾಟುವುದು ಮಾಮೂಲು. ಪ್ರವಾಸಿಗರು ದೊಡ್ಡ ಸಂಖ್ಯೆಯಲ್ಲಿ ಸೇರುವ ಕಾಲವೂ ಅದೇ. ಟ್ರೆವಿ ಕಾರಂಜಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. 1720ರ ದಶಕದಲ್ಲಿ ಕಟ್ಟಿದ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂತು ದಣಿವಾರಿಸಿಕೊಳ್ಳುವುದಕ್ಕೂ 2019ರಿಂದ ನಿಷೇಧವಿದೆ. ಆದರೆ ಅದೇ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿ, ವಿಲ್ಲಾ ಮೆದಿಚಿಯನ್ನು ದಾಟಿ ಸ್ವಲ್ಪ ದೂರ ನಡೆದರೆ ಮರಗಳ ನೆರಳು ಆರಂಭವಾಗುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಊರು ನೋಡಲು ಬಂದ ಎಷ್ಟೋ ಕುಟುಂಬಗಳು ಮಧ್ಯಾಹ್ನವನ್ನು ಇಲ್ಲೇ ಕಳೆಯುತ್ತವೆ. ಈ ನೆರಳು ಎಲ್ಲರದಾಗಲು ಸುಮಾರು 300 ವರ್ಷ ಹಿಡಿಯಿತು.

ಬೇಸಿಗೆಯಲ್ಲಿ ಊರಿನ ಗದ್ದಲದಿಂದ ದೂರ ಸರಿಯುವುದು ರೋಮ್‌ನ ಸಿರಿವಂತರ ಹಳೆಯ ರೂಢಿ. ಕ್ರಿ.ಪೂ. ಮೊದಲ ಶತಮಾನದಲ್ಲಿ ಸೇನಾನಿ ಲುಕುಲ್ಲಸ್ ಪಿಂಚೊ ಗುಡ್ಡದ ಮೇಲೆಯೇ ತೋಟ ಮಾಡಿಸಿದ್ದ. ಸಾಮ್ರಾಟ ಹೇಡ್ರಿಯನ್ ರೋಮ್‌ನಿಂದ ಸುಮಾರು 30 ಕಿ.ಮೀ. ದೂರದ ತಿವೋಲಿಯಲ್ಲಿ ಅರಮನೆಗಳನ್ನೇ ಕಟ್ಟಿಸಿಕೊಂಡ. 17ನೇ ಶತಮಾನದಿಂದ ಪೋಪ್‌ಗಳು ಬೇಸಿಗೆಗೆ ಕ್ಯಾಸ್ಟಲ್ ಗಂಡೋಲ್ಫೊ ಬೆಟ್ಟಕ್ಕೆ ಹೋಗತೊಡಗಿದರು. ಜನಸಾಮಾನ್ಯರಿಗೆ ಅಂಥ ಅನುಕೂಲವಿರಲಿಲ್ಲ.

1605ರಲ್ಲಿ ಕಮಿಲ್ಲೊ ಬೊರ್ಗೇಸೆ ಐದನೆಯ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದರು. ಅವರ ಸೋದರಳಿಯ ಶಿಪಿಯೋನೆ ಅದೇ ವರ್ಷ ಕಾರ್ಡಿನಲ್ ಪದವಿಗೇರಿದ. ಕೋಟೆಗೋಡೆಯ ಪಿಂಚಾನಾ ಬಾಗಿಲಿನ ಹೊರಗೆ ಮನೆತನದ ದ್ರಾಕ್ಷಿತೋಟವಿತ್ತು. ಅಕ್ಕಪಕ್ಕದ ಜಮೀನನ್ನೂ ಕೊಂಡು ಸೇರಿಸಿ ಶಿಪಿಯೋನೆ ಅದನ್ನು ಉದ್ಯಾನವಾಗಿಸಿದ. ಕೆಲಸ ಆರಂಭಿಸಿದ ವಾಸ್ತುಶಿಲ್ಪಿ ಫ್ಲಮೀನಿಯೊ ಪೊಂಜಿಯೊ. ಅವನು 1613ರಲ್ಲಿ ತೀರಿಕೊಂಡ ಮೇಲೆ ಜೊವಾನ್ನಿ ವಸಾಂಜಿಯೊ ಅದನ್ನು ಮುಂದುವರಿಸಿದ. ನಡುವೆ ಎದ್ದ ಬಿಳಿಯ ಭವನ ವಾಸಕ್ಕಿಂತ ಹೆಚ್ಚಾಗಿ ಕಲಾಸಂಗ್ರಹಕ್ಕೆ ಮೀಸಲಾಗಿತ್ತು. ಕಾರವಾಜ್ಜೊನ ಚಿತ್ರಗಳು, ಯುವ ಬರ್ನೀನಿಯ ಅಮೃತಶಿಲೆಯ ಶಿಲ್ಪಗಳು ಇಂದಿಗೂ ಅಲ್ಲಿವೆ.

ಈ ತೋಟದಲ್ಲಿ ಲ್ಯಾಟಿನ್ ಭಾಷೆಯ ಒಂದು ಶಿಲಾಶಾಸನವಿತ್ತು. ಬಂದವರು ಕಟ್ಟುಪಾಡುಗಳಿಗೆ ಹೆದರಬೇಕಾಗಿಲ್ಲ, ಮನಸ್ಸಿಗೆ ಬಂದ ಕಡೆ ಓಡಾಡಬಹುದು, ಬೇಕೆನಿಸಿದಾಗ ಹೊರಡಬಹುದು, ತೋಟವನ್ನು ಮಾಡಿದ್ದೇ ಒಡೆಯನಿಗಿಂತ ಹೆಚ್ಚಾಗಿ ಹೊರಗಿನವರಿಗಾಗಿ ಎಂಬುದು ಅದರ ಸಾರಾಂಶ. ಈ ಔದಾರ್ಯವನ್ನು ದುರುಪಯೋಗ ಮಾಡಿಕೊಂಡವರನ್ನು ಹೊರಹಾಕಲಾಗುವುದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಜನರು ಒಳಗೆ ಬರುತ್ತಿದ್ದುದು ಒಡೆಯನ ಕೃಪೆಯಿಂದ ಮಾತ್ರ.

18ನೇ ಶತಮಾನದ ಕೊನೆಯ ದಶಕಗಳಲ್ಲಿ ನಾಲ್ಕನೆಯ ಮಾರ್ಕಾಂತೋನಿಯೊ ಬೊರ್ಗೇಸೆ ತೋಟದ ರೂಪವನ್ನೇ ಬದಲಿಸಿದ. ಗೆರೆ ಎಳೆದಂತಿದ್ದ ಹಾದಿಗಳ ಪಕ್ಕದಲ್ಲಿ ಇಂಗ್ಲಿಷ್ ಮಾದರಿಯ ತೋಪು, ಹುಲ್ಲುಗಾವಲುಗಳು ಬಂದವು. ವಾಸ್ತುಶಿಲ್ಪಿ ಆಂತೋನಿಯೊ ಆಸ್ಪ್ರುಚ್ಚಿ ಕೃತಕ ಕೆರೆ ಮಾಡಿಸಿ, ಅದರ ನಡುಗಡ್ಡೆಯಲ್ಲಿ ವೈದ್ಯದೇವತೆ ಎಸ್ಕುಲೇಪಿಯಸ್‌ಗೆ ಗುಡಿ ಕಟ್ಟಿಸಿದ. ಪ್ರವಾಸಿ ಮಕ್ಕಳು ಇಂದು ಬಾಡಿಗೆ ದೋಣಿಗಳಲ್ಲಿ ಹುಟ್ಟು ಹಾಕುವುದು ಇದೇ ಕೆರೆಯಲ್ಲಿ. 1820ರ ದಶಕದಲ್ಲಿ ಲುಯೀಜಿ ಕನೀನಾ ತೋಟವನ್ನು ಫ್ಲಮೀನಿಯೊ ಚೌಕದವರೆಗೆ ವಿಸ್ತರಿಸಿ, ಅಲ್ಲಿ ಹೆಬ್ಬಾಗಿಲು ನಿಲ್ಲಿಸಿದ.

1871ರಲ್ಲಿ ರೋಮ್ ಇಟಲಿಯ ರಾಜಧಾನಿಯಾಯಿತು. ಕಚೇರಿಗಳು, ನೌಕರರು, ಮನೆಗಳು ಹೆಚ್ಚಾಗಿ ಜಮೀನಿನ ಬೆಲೆ ಗಗನಕ್ಕೇರಿತು. ಕೋಟೆಗೋಡೆಯ ಒಳಮಗ್ಗುಲಲ್ಲಿದ್ದ, ಅಷ್ಟೇ ಪ್ರಸಿದ್ಧವಾದ ವಿಲ್ಲಾ ಲುದೊವಿಸಿಯನ್ನು ಅದರ ಒಡೆಯರು 1880ರ ದಶಕದಲ್ಲಿ ನಿವೇಶನಗಳಾಗಿ ಹಂಚಿದರು. ಹಳೆಯ ಮರಗಳು ಉರುಳಿ, ಬೀದಿಗಳೂ ಹೋಟೆಲುಗಳೂ ಎದ್ದವು. ಇಂದಿನ ವಿಯಾ ವೆನೆತೊ ರಸ್ತೆ ಹಾದುಹೋಗುವುದು ಆ ತೋಟವಿದ್ದ ನೆಲದಲ್ಲೇ.

ಇದೇ ಹೊತ್ತಿನಲ್ಲಿ ಬೊರ್ಗೇಸೆ ಮನೆತನವೂ ತನ್ನ ತೋಟಕ್ಕೆ ಜನರ ಪ್ರವೇಶವನ್ನು ತಡೆಯಿತು. ನಗರಸಭೆ ಸುಮ್ಮನಿರದೆ ನ್ಯಾಯಾಲಯದ ಮೆಟ್ಟಿಲೇರಿತು. ತಲೆತಲಾಂತರದಿಂದ ಜನ ಇಲ್ಲಿ ಅಡ್ಡಾಡಿದ್ದಾರೆ, ರೂಢಿಯೇ ಹಕ್ಕಾಗಿದೆ ಎಂಬುದು ಅದರ ವಾದ. ಹೆಸರಾಂತ ನ್ಯಾಯವಾದಿ ಪಾಸ್ಕ್ವಾಲೆ ಮಾಂಚೀನಿ ಇದನ್ನು ಸಮರ್ಥಿಸಿದರು. ಹಿಂದಿನವರು ತೋಟ ತೆರೆದಿದ್ದು ಬರೀ ಸೌಜನ್ಯದಿಂದ, ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬುದು ಒಡೆಯರ ನಿಲುವು. 1887ರಲ್ಲಿ ರೋಮ್‌ನ ಉನ್ನತ ನ್ಯಾಯಾಲಯ ಜನರ ಪರ ನಿಂತಿತು: ಜಮೀನು ಮನೆತನದ್ದೇ ಇರಬಹುದು, ಆದರೆ ಅದನ್ನು ಬಳಸುವ ಹಕ್ಕು ರೋಮ್‌ನ ಜನರಿಗಿದೆ. ಸಾರ್ವಜನಿಕ ಬಳಕೆಯ ಹಕ್ಕಿನ ಮಾತು ಬಂದಾಗ ಇಟಲಿಯ ಕಾನೂನು ವಲಯ ಇಂದಿಗೂ ಈ ತೀರ್ಪನ್ನು ನೆನೆಯುತ್ತದೆ.

ಮುಂದೆ ಮನೆತನ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. 1901ರಲ್ಲಿ ಇಟಲಿ ಸರ್ಕಾರ ತೋಟವನ್ನೂ ಕಲಾಸಂಗ್ರಹವನ್ನೂ ಖರೀದಿಸಿತು. ಸಂಗ್ರಹವನ್ನು ತನ್ನಲ್ಲೇ ಇಟ್ಟುಕೊಂಡು 1903ರಲ್ಲಿ ಉದ್ಯಾನವನ್ನು ನಗರಕ್ಕೆ ಒಪ್ಪಿಸಿತು. 1908ರಲ್ಲಿ ಕಟ್ಟಿದ ಸೇತುವೆ ಇದನ್ನು ಪಿಂಚೊ ಗುಡ್ಡದ ಉದ್ಯಾನಕ್ಕೆ ಜೋಡಿಸಿತು. 1911ರಲ್ಲಿ ಉತ್ತರದ ಅಂಚಿನಲ್ಲಿ ಮೃಗಾಲಯ ತೆರೆಯಿತು. 1924ರ ಹೊತ್ತಿಗೆ ಉದ್ಯಾನ ಮಕ್ಕಳ ಆಟದ ತಾಣವಾಗಿ ಎಷ್ಟು ನೆಲೆಯೂರಿತ್ತೆಂದರೆ, ಸಂಗೀತಗಾರ ಒತ್ತೊರೀನೊ ರೆಸ್ಪೀಗಿ ‘ರೋಮ್‌ನ ಪೈನ್ ಮರಗಳು’ ಕೃತಿಯ ಮೊದಲ ಭಾಗವನ್ನು ಇಲ್ಲಿ ಆಡುವ ಮಕ್ಕಳ ಗಲಾಟೆಗೇ ಮೀಸಲಿಟ್ಟ.

ನೆರಳಿನ ಜತೆಗೆ ನೀರಿನ ವ್ಯವಸ್ಥೆಯನ್ನೂ ಹೇಳಬೇಕು. ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಕಟ್ಟಿಸಿದ, ಟ್ರೆವಿ ಕಾರಂಜಿಗೆ ನೀರುಣಿಸುತ್ತ ಬಂದ ಕಾಲುವೆ ಪಿಂಚೊ ಗುಡ್ಡದ ಒಡಲಲ್ಲೇ ಹಾದುಹೋಗುತ್ತದೆ. 1874ರಿಂದ ನಗರಸಭೆ ಬೀದಿಬೀದಿಯಲ್ಲಿ ಎರಕದ ಕಬ್ಬಿಣದ ನಲ್ಲಿಕಂಬಗಳನ್ನು ನೆಟ್ಟಿತು. ಮೂಗಿನಂತೆ ಬಾಗಿದ ಕೊಳವೆಯಿಂದಾಗಿ ರೋಮ್‌ನವರು ಅವನ್ನು ನಾಸೋನಿ ಎನ್ನುತ್ತಾರೆ. ನಗರದಲ್ಲಿ ಸುಮಾರು 2,500 ನಾಸೋನಿಗಳಿವೆ. ತಣ್ಣನೆಯ ಕುಡಿಯುವ ನೀರು ಬಿಡುವಿಲ್ಲದೆ ಸುರಿಯುತ್ತಿರುತ್ತದೆ. ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ, ಮೇಲ್ಭಾಗದ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರವಾಗಿ ಬಾಯಿಗೆ ಬರುತ್ತದೆ. ಬೊಗಸೆಯೊಡ್ಡುವ ಅಗತ್ಯವಿಲ್ಲ, ಕಾಸೂ ಕೊಡಬೇಕಿಲ್ಲ.

ಇಂದು ಬೊರ್ಗೇಸೆ ಕಲಾಭವನಕ್ಕೆ ಮುಂಗಡ ಟಿಕೆಟ್ ಬೇಕು. ಉದ್ಯಾನಕ್ಕೆ ಯಾವ ಟಿಕೆಟ್ಟೂ ಇಲ್ಲ. ಗೋಡೆಯ ಆಚೀಚೆ ಇದ್ದ ಎರಡು ತೋಟಗಳಲ್ಲಿ ಲುದೊವಿಸಿ ನಿವೇಶನವಾಯಿತು, ಬೊರ್ಗೇಸೆ ಉಳಿಯಿತು. ಒಡೆಯರ ಔದಾರ್ಯವೊಂದನ್ನೇ ನಂಬಿದ್ದರೆ ಇದೂ ಉಳಿಯುತ್ತಿತ್ತು ಎನ್ನುವಂತಿಲ್ಲ. ಇದರ ಹಿಂದೆ ನಗರವೊಂದು ತನ್ನ ಜನರ ಹಕ್ಕಿಗಾಗಿ ಹೂಡಿದ ದಾವೆಯಿದೆ.