ಎಫ್12 ಕೀಲಿ ಯಾರದು?

2005ರ ಏಪ್ರಿಲ್ 29ರಂದು ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ‘ಟೈಗರ್’ ಎಂಬ ಹೊಸ ಆಪರೇಟಿಂಗ್ ಸಿಸ್ಟಂ ಬಿಡುಗಡೆ ಮಾಡಿತು. ಅದರಲ್ಲಿ ಎಲ್ಲರ ಕಣ್ಣಿಗೆ ಬಿದ್ದ ಹೊಸ ಸವಲತ್ತುಗಳು ಎರಡು. ಒಂದು, ಯಾವ ಫೈಲು ಎಲ್ಲಿದ್ದರೂ ಹುಡುಕಿಕೊಡುವ ಸ್ಪಾಟ್‌ಲೈಟ್. ಇನ್ನೊಂದು, ಹವಾಮಾನ, ಗಡಿಯಾರ, ಕ್ಯಾಲ್ಕುಲೇಟರುಗಳನ್ನು ಒಮ್ಮೆಗೇ ಪರದೆಯ ಮೇಲೆ ತರುವ ಡ್ಯಾಶ್‌ಬೋರ್ಡ್. ಮೊದಲನೆಯದು ಬೇಕಾದರೆ ಕಮಾಂಡ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಎರಡನೆಯದಕ್ಕೆ ಎಫ್12.

ಆದರೆ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಆ ಕೀಲಿಗಳು ಖಾಲಿ ಇರಲಿಲ್ಲ. ಪ್ರೊ ಟೂಲ್ಸ್ ಎಂಬ ತಂತ್ರಾಂಶದಲ್ಲಿ ರೆಕಾರ್ಡಿಂಗ್ ಶುರು ಮಾಡಲು ಒತ್ತುವ ಕೀಲಿಗಳು ಅವೇ ಎರಡು. ಮೂರನೆಯ ದಾರಿಯೊಂದಿತ್ತು, ಕೀಲಿಮಣೆಯ ಬಲತುದಿಯ ಅಂಕಿಗಳ ಗುಂಪಿನಲ್ಲಿರುವ 3. ಲ್ಯಾಪ್‌ಟಾಪಿನಲ್ಲಿ ಆ ಅಂಕಿಗಳ ಗುಂಪೇ ಇರುವುದಿಲ್ಲ. ಗಾಯಕಿ ಮೈಕಿನ ಮುಂದೆ ಉಸಿರೆಳೆದು ನಿಂತಿರುವಾಗ ಇಂಜಿನಿಯರ್ ಎಫ್12 ಒತ್ತಿದರೆ, ರೆಕಾರ್ಡಿಂಗ್ ಬದಲು ಹವಾಮಾನ ವರದಿ ಬರುವ ಪರಿಸ್ಥಿತಿ ಇದು. ಪರಿಹಾರ ಇರಲಿಲ್ಲವೆಂದಲ್ಲ. ಸಿಸ್ಟಂ ಸೆಟ್ಟಿಂಗಿಗೆ ಹೋಗಿ ಸ್ಪಾಟ್‌ಲೈಟ್, ಡ್ಯಾಶ್‌ಬೋರ್ಡುಗಳಿಗೆ ಬೇರೆ ಕೀಲಿ ಕೊಟ್ಟರೆ ಆಯಿತು. ಅಂದರೆ ಆಪಲ್ ತನ್ನ ಕೀಲಿಗಳನ್ನು ಬದಲಾಯಿಸಿಕೊಳ್ಳಲು ಬಿಟ್ಟಿತ್ತು. ಬದಲಾಯಿಸಲು ಬಿಡದೇ ಇದ್ದದ್ದು ಪ್ರೊ ಟೂಲ್ಸ್.

ಸಂಗೀತ ತಂತ್ರಜ್ಞಾನದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸದ್ದಿನ ಹಿಂದೆ ಹೋಗುತ್ತಾರೆ: ಯಾವ ಸಿಂಥಸೈಜರ್, ಯಾವ ಡ್ರಮ್ ಮಷಿನ್, ಯಾವ ಹಾಡಿನಲ್ಲಿ ಮೊದಲು ಕೇಳಿಸಿತು ಎಂದು. ಬೆರಳುಗಳ ಇತಿಹಾಸ ಬರೆದವರು ಕಡಿಮೆ. ಸ್ವರಗಳನ್ನು ಸಾಲಾಗಿ ಕೂರಿಸಿ, ತಿದ್ದಿ, ನುಡಿಸುವ ಸೀಕ್ವೆನ್ಸರ್ ತಂತ್ರಾಂಶದ ಮುಂದೆ ದಿನಕ್ಕೆ ಹತ್ತು ತಾಸು ಕೂರುವವರಿಗೆ ಯಾವ ಕೀಲಿಗೆ ಯಾವ ಕೆಲಸ ಎಂಬುದು ಸಣ್ಣ ಸಂಗತಿಯಲ್ಲ. ಅದನ್ನು ಯಾರು ನಿರ್ಧರಿಸಬೇಕು ಎಂಬ ಹಗ್ಗಜಗ್ಗಾಟ ಸುಮಾರು ನಲವತ್ತು ವರ್ಷಗಳಿಂದ ನಡೆದಿದೆ.

ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಮಾತಾಡಲು ‘ಮಿಡಿ’ ಎಂಬ ಒಪ್ಪಂದ ಬಂದದ್ದು 1983ರಲ್ಲಿ. ಎರಡು ವರ್ಷಕ್ಕೆ ಅಟಾರಿ ಕಂಪನಿ ತನ್ನ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ತೂತುಗಳನ್ನು ಕೂಡಿಸಿಯೇ ಮಾರಾಟಕ್ಕಿಟ್ಟಿತು. ಜರ್ಮನಿಯ ಹ್ಯಾಂಬರ್ಗ್ ಸುತ್ತಮುತ್ತಲ ಎರಡು ಗುಂಪುಗಳು ಇದನ್ನು ಹಿಡಿದುಕೊಂಡವು. ಒಂದು ಸ್ಟೈನ್‌ಬರ್ಗ್, ಇನ್ನೊಂದು ಸಿ-ಲ್ಯಾಬ್. ಸಿ-ಲ್ಯಾಬ್‌ನ ಕ್ರಿಯೇಟರ್, ನೋಟೇಟರ್ ತಂತ್ರಾಂಶಗಳು ಅಂಕಿ-ಪಟ್ಟಿಗಳ ಲೋಕ. ಸ್ಟೈನ್‌ಬರ್ಗ್‌ನವರು 1989ರಲ್ಲಿ ತಂದ ಕ್ಯೂಬೇಸ್‌ನಲ್ಲಿ ಕಾಲ ಎಡದಿಂದ ಬಲಕ್ಕೆ ಹರಿಯುತ್ತಿತ್ತು, ಸಂಗೀತದ ತುಣುಕುಗಳು ಇಟ್ಟಿಗೆಗಳಂತೆ ಕಾಣುತ್ತಿದ್ದವು, ಅವನ್ನು ಮೌಸಿನಿಂದ ಎಳೆದು ಜೋಡಿಸಬಹುದಿತ್ತು. ಇವತ್ತಿನ ಎಲ್ಲ ತಂತ್ರಾಂಶಗಳ ಮುಖಚಹರೆ ಬಹುಪಾಲು ಅಲ್ಲಿಂದ ಬಂದದ್ದೇ.

ಆ ಕಾಲದಲ್ಲಿ ಕೀಲಿಗಳ ಹಂಚಿಕೆಗೆ ಮಾದರಿಯಾಗಿದ್ದದ್ದು ಟೇಪ್ ರೆಕಾರ್ಡರ್. ಬಲತುದಿಯ ಅಂಕಿಗಳ ಗುಂಪನ್ನೇ ಒಂದು ಟೇಪ್ ಡೆಕ್ ಮಾಡಿಕೊಂಡರು. ಎಂಟರ್ ಒತ್ತಿದರೆ ಹಾಡು ಶುರು, ಸೊನ್ನೆ ಒತ್ತಿದರೆ ನಿಲ್ಲು, ನಕ್ಷತ್ರದ ಗುರುತಿಗೆ ರೆಕಾರ್ಡ್. ಎಡಗೈ ಸಿಂಥಸೈಜರಿನ ಮನೆಗಳ ಮೇಲೆ, ಬಲಗೈ ಈ ಪುಟ್ಟ ಡೆಕ್ಕಿನ ಮೇಲೆ. ಇಡೀ ಒಂದು ತಲೆಮಾರಿನ ಕೈಗೆ ಇದು ಅಂಟಿಕೊಂಡಿತು. ಮುಂದೆ ಲ್ಯಾಪ್‌ಟಾಪುಗಳು ಬಂದಾಗ ಆ ಡೆಕ್ಕು ಸದ್ದಿಲ್ಲದೆ ಮಾಯವಾಯಿತು. ತೆಳುವಾದ ಯಂತ್ರ ಮಾಡಲು ಹೊರಟವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಾರರು.

ಇದೇ ಹೊತ್ತಿಗೆ ಇನ್ನೊಂದು ಪರಂಪರೆಯೂ ಹುಟ್ಟಿತು. 1987ರಲ್ಲಿ ಕಾರ್ಸ್ಟನ್ ಓಬಾರ್ಸ್ಕಿ ಅಮಿಗಾ ಕಂಪ್ಯೂಟರಿಗಾಗಿ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದ. ಅದರಿಂದ ಬೆಳೆದ ‘ಟ್ರ್ಯಾಕರ್’ ತಂತ್ರಾಂಶಗಳನ್ನು ಬಳಸಲು ಬೇರೆ ವಾದ್ಯ ಬೇಕಿಲ್ಲ, ಟೈಪ್ ಮಾಡುವ ಕೀಲಿಮಣೆಯೇ ವಾದ್ಯ. ಕೆಳಗಿನ ಸಾಲಿನ ಝಡ್, ಎಕ್ಸ್, ಸಿ, ವಿ ಹಾರ್ಮೋನಿಯಂನ ಬಿಳಿ ಮನೆಗಳಾದರೆ, ಅವುಗಳ ಮೇಲೆ ನಡುನಡುವೆ ಕೂರುವ ಎಸ್, ಡಿ ಕಪ್ಪು ಮನೆಗಳು. ಕ್ಯೂ ಸಾಲಿನಿಂದ ಮೇಲಿನ ಸಪ್ತಕ. ಮನೆಯಲ್ಲಿ ವಾದ್ಯ ಕೊಳ್ಳಲು ದುಡ್ಡಿಲ್ಲದ ಹದಿಹರೆಯದವರ ಪಾಲಿಗೆ ಇದು ದೊಡ್ಡ ದಾರಿಯಾಯಿತು. ಆದರೆ ಒಂದು ಜಗಳವೂ ಇಲ್ಲಿಂದಲೇ ಶುರು. ಒಂದೇ ಅಕ್ಷರ ಸ್ವರವೂ ಆಗಬೇಕು, ಆಜ್ಞೆಯೂ ಆಗಬೇಕು ಎಂದರೆ ಹೇಗೆ? ಈ ಹೊತ್ತಿನ ತಂತ್ರಾಂಶಗಳಲ್ಲೂ ಕೀಲಿಮಣೆಯನ್ನು ವಾದ್ಯವಾಗಿಸಿದ ಕ್ಷಣ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಮೂಕವಾಗುತ್ತವೆ.

ಕೀಲಿಗಳ ಹಂಚಿಕೆಯನ್ನು ಬಳಸುವವರ ಕೈಗೇ ಕೊಡುವುದನ್ನು ತಂತ್ರಾಂಶದ ಸ್ವಭಾವವೇ ಆಗಿಸಿದವರಲ್ಲಿ ಮುಖ್ಯರು ನೋಟೇಟರ್ ಬರೆದವರು. ಗೆರ್ಹಾರ್ಡ್ ಲೆಂಗೆಲಿಂಗ್ ಮತ್ತು ಕ್ರಿಸ್ ಆಡಮ್ ಸಿ-ಲ್ಯಾಬ್ ಬಿಟ್ಟು ಇಮ್ಯಾಜಿಕ್ ಎಂಬ ಕಂಪನಿ ಕಟ್ಟಿ ‘ಲಾಜಿಕ್’ ತಂದರು. ಅದರಲ್ಲಿ ‘ಕೀ ಕಮಾಂಡ್ಸ್’ ಎಂಬ ಒಂದು ಕಿಟಕಿ. ತಂತ್ರಾಂಶ ಮಾಡಬಲ್ಲ ಕೆಲಸಗಳ ಉದ್ದ ಪಟ್ಟಿ ಅದರಲ್ಲಿ ಇರುತ್ತದೆ. ಒಂದು ಕೆಲಸ ಆರಿಸಿ, ‘ಕಲಿ’ ಎನ್ನುವ ಬಟನ್ ಒತ್ತಿ, ಬೇಕಾದ ಕೀಲಿ ತೋರಿಸಿದರೆ ಲಾಜಿಕ್ ಕಲಿತುಕೊಳ್ಳುತ್ತದೆ. ಕಲಿಯಬೇಕಾದದ್ದು ಯಂತ್ರ, ಮನುಷ್ಯನಲ್ಲ ಎಂಬ ಈ ತಲೆಕೆಳಗು ನನಗೆ ಇಷ್ಟ. ಯಾವ ಕಿಟಕಿಗಳು ಪರದೆಯ ಮೇಲೆ ಎಲ್ಲೆಲ್ಲಿ ತೆರೆದಿರಬೇಕು ಎಂಬುದನ್ನೂ ‘ಸ್ಕ್ರೀನ್‌ಸೆಟ್’ ಎಂದು ಉಳಿಸಿಟ್ಟು ಅಂಕಿ ಒತ್ತಿ ಕರೆಯಬಹುದು. ಅಂಥವು 90 ಇಡಬಹುದಿತ್ತು. 99 ಯಾಕಲ್ಲ ಎಂದರೆ, ಸೊನ್ನೆ ಹಾಡು ನಿಲ್ಲಿಸುವ ಕೆಲಸದಲ್ಲಿತ್ತು. 10, 20, 30ರಂಥ ಸಂಖ್ಯೆಗಳು ಲೆಕ್ಕದಿಂದ ಬಿಟ್ಟುಹೋದವು.

ಲಾಜಿಕ್ ಬಳಸುವವರು ವರ್ಷಗಟ್ಟಲೆ ಕೂತು ತಮ್ಮ ತಮ್ಮ ಕೀಲಿಪಟ್ಟಿ ಕಟ್ಟಿಕೊಂಡರು. ಆಮೇಲೆ, 2002ರ ಜುಲೈ 1ರಂದು ಆಪಲ್ ಇಮ್ಯಾಜಿಕ್ಕನ್ನು ಕೊಂಡುಕೊಂಡಿತು. ವಿಂಡೋಸ್ ಆವೃತ್ತಿಯ ಮಾರಾಟ ಅದೇ ಸೆಪ್ಟೆಂಬರ್ 30ಕ್ಕೆ ಕೊನೆ ಎಂದು ಘೋಷಿಸಿತು. ವಿಂಡೋಸ್ ಬಳಕೆದಾರನ ಮುಂದಿದ್ದದ್ದು ಎರಡೇ ದಾರಿ: ಕಂಪ್ಯೂಟರನ್ನೇ ಬದಲಾಯಿಸುವುದು, ಇಲ್ಲವೇ ತಂತ್ರಾಂಶ ಬದಲಾಯಿಸುವುದು. ಹಾಡುಗಳನ್ನು ಹೇಗೋ ಮಿಡಿ ಫೈಲುಗಳಾಗಿ ಸಾಗಿಸಬಹುದಿತ್ತು. ಬೆರಳು ಕಲಿತದ್ದನ್ನು ಸಾಗಿಸುವುದು ಹೇಗೆ? ಒಂದು ತುಣುಕನ್ನು ಎರಡಾಗಿ ಕತ್ತರಿಸುವ ಸರಳ ಕೆಲಸವನ್ನೇ ನೋಡಿ. ಪ್ರೊ ಟೂಲ್ಸ್‌ನಲ್ಲಿ ಬಿ, ರೀಪರ್‌ನಲ್ಲಿ ಎಸ್, ಕ್ಯೂಬೇಸ್‌ನಲ್ಲಿ ಆಲ್ಟ್ ಜೊತೆ ಎಕ್ಸ್, ಏಬಲ್ಟನ್ ಲೈವ್‌ನಲ್ಲಿ ಕಂಟ್ರೋಲ್ ಜೊತೆ ಇ.

ಈ ಪರದಾಟವನ್ನು ಮಾರುಕಟ್ಟೆ ಚೆನ್ನಾಗಿ ಅರ್ಥಮಾಡಿಕೊಂಡಿತು. ಎದುರಾಳಿಯ ಗಿರಾಕಿಯನ್ನು ಸೆಳೆಯಬೇಕಾದರೆ ಅವನ ಬೆರಳಿಗೆ ಪರಿಚಯವಿರುವ ಪಟ್ಟಿಯನ್ನೇ ನಮ್ಮ ತಂತ್ರಾಂಶದಲ್ಲಿ ಇಟ್ಟುಬಿಡುವುದು! 2009ರಲ್ಲಿ ಬಂದ ಸ್ಟುಡಿಯೋ ಒನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ರೂಪಿಸಿದವರಲ್ಲಿ ಸ್ಟೈನ್‌ಬರ್ಗ್‌ನಲ್ಲಿ ದುಡಿದವರಿದ್ದರು. ಕ್ಯೂಬೇಸ್, ಲಾಜಿಕ್, ಪ್ರೊ ಟೂಲ್ಸ್‌ಗಳ ಕೀಲಿಪಟ್ಟಿಗಳನ್ನು ಅದು ಸಿದ್ಧವಾಗಿಯೇ ಕೊಡುತ್ತದೆ. ಆರಿಸಿಕೊಂಡರೆ ಹೊಸ ಮನೆಯಲ್ಲಿ ಹಳೆಯ ಮನೆಯ ಸ್ವಿಚ್ಚುಗಳು.

ಹಾಗಾದರೆ ಬದಲಾಯಿಸಲು ಬಿಡದ ಪ್ರೊ ಟೂಲ್ಸ್‌ನದು ಬರೀ ಹಟವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ಸ್ಟುಡಿಯೋ ಎಂಬುದು ಒಬ್ಬರ ಜಾಗವಲ್ಲ. ಬೆಳಗ್ಗೆ ಒಬ್ಬ ಇಂಜಿನಿಯರ್, ರಾತ್ರಿ ಇನ್ನೊಬ್ಬ. ಲಾಸ್ ಏಂಜಲೀಸಿನಲ್ಲಿ ಶುರುವಾದ ಹಾಡು ಲಂಡನ್ನಿನಲ್ಲಿ ಮುಗಿಯಬಹುದು. ಎಲ್ಲೆಡೆಯೂ ಬಿ ಒತ್ತಿದರೆ ತುಂಡಾಗುತ್ತದೆ ಎನ್ನುವುದೇ ಅಲ್ಲಿ ಹೊಟ್ಟೆಪಾಡಿನ ಭದ್ರತೆ. ಶಾರ್ಟ್‌ಕಟ್‌ಗಳನ್ನು ಬಣ್ಣಬಣ್ಣವಾಗಿ ಅಚ್ಚು ಹಾಕಿದ ಪ್ರೊ ಟೂಲ್ಸ್ ಕೀಲಿಮಣೆಗಳು ಮಾರಾಟವಾಗುತ್ತಿದ್ದದ್ದೂ ಇದೇ ನಂಬಿಕೆಯ ಮೇಲೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ವಾದ ಹೊಸದಲ್ಲ. ಟೈಪ್‌ರೈಟರಿನದು ಒಂದು ವಿನ್ಯಾಸ, ಇನ್‌ಸ್ಕ್ರಿಪ್ಟ್ ಇನ್ನೊಂದು, ಕೆ.ಪಿ. ರಾವ್ ಅವರದು ಮತ್ತೊಂದು ಎಂದು ಒದ್ದಾಡಿದ ಮೇಲೆ, ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿ ಸರ್ಕಾರ ಒಂದನ್ನು ಗಟ್ಟಿ ಮಾಡಿದ್ದರಿಂದ ಯಾವ ಕಚೇರಿಯಲ್ಲಿ ಕೂತರೂ ಕೈ ಓಡುವಂತಾಯಿತು. ಗಟ್ಟಿಯಾದ ಕೀಲಿಪಟ್ಟಿ ಒಂದು ಭಾಷೆಯಂತೆ. ತನಗೆ ಬೇಕಾದಂತೆ ತಿದ್ದಿಕೊಂಡವನ ಮಾತು ಅವನಿಗೆ ಮಾತ್ರ ತಿಳಿಯುತ್ತದೆ. ಪ್ರೊ ಟೂಲ್ಸ್ ತನ್ನ ಶಾರ್ಟ್‌ಕಟ್‌ಗಳನ್ನು ಬದಲಾಯಿಸಲು ಬಿಟ್ಟದ್ದು ಈ ದಶಕದಲ್ಲಷ್ಟೇ.

ಏಬಲ್ಟನ್‌ನವರದು ಇನ್ನೊಂದೇ ಲೆಕ್ಕ. 2001ರಲ್ಲಿ ಬರ್ಲಿನ್ನಿಂದ ಬಂದ ಲೈವ್‌ನಲ್ಲಿ ಮೆನುವಿನ ಶಾರ್ಟ್‌ಕಟ್‌ಗಳನ್ನು ಮುಟ್ಟುವಂತಿಲ್ಲ. ಆದರೆ ಯಾವ ಕೀಲಿ ಒತ್ತಿದರೆ ಯಾವ ಸಂಗೀತದ ತುಣುಕು ಎದ್ದು ನುಡಿಯಬೇಕು ಎನ್ನುವುದನ್ನು ಕಲಾವಿದರೇ ಹೊಂದಿಸಬಹುದು, ಆ ಹೊಂದಿಕೆ ಆ ಹಾಡಿನ ಫೈಲಿನೊಳಗೇ ಉಳಿಯುತ್ತದೆ. ಅಲ್ಲಿ ಕೀಲಿ ಕಚೇರಿಯ ಸಲಕರಣೆಯಲ್ಲ, ರಂಗದ ಮೇಲಿನ ವಾದ್ಯ.

ಇಲ್ಲಿಯವರೆಗಿನದು ಅನುಕೂಲದ ಕಥೆ. ಕೀಲಿ ಇಲ್ಲದಿದ್ದರೆ ಮೌಸ್ ಇದೆಯಲ್ಲ, ಒಂದೆರಡು ಸೆಕೆಂಡು ಹೆಚ್ಚು ಹೋದೀತು, ಅಷ್ಟೇ ಎನ್ನಬಹುದು. ಆದರೆ ಪರದೆಯ ಮೇಲೆ ಬಾಣದ ಗುರುತು ಎಲ್ಲಿದೆ ಎಂದು ಕಾಣದವರಿಗೆ ಮೌಸ್ ಒಂದು ದಾರಿಯೇ ಅಲ್ಲ. ಅವರಿಗೆ ಕೀಲಿ ಇದ್ದರೆ ಆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ.

ಗ್ರೆಗ್ ಹೆಂಡರ್‌ಶಾಟ್ 1987ರಲ್ಲಿ ಅಮೆರಿಕದಲ್ಲಿ ಹೊರತಂದ ಕೇಕ್‌ವಾಕ್ ಡಾಸ್ ಯುಗದ ಸೀಕ್ವೆನ್ಸರ್. ಪರದೆಯ ತುಂಬ ಅಕ್ಷರಗಳು, ಅಂಕಿಗಳು, ಚಿತ್ರ ಇಲ್ಲ. ಕಾಣುವವರಿಗೆ ಅದು ಬೋಳುಬೋಳಾಗಿ ಕಂಡಿರಬಹುದು. ಆದರೆ ಪರದೆಯ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅಕ್ಷರಗಳೇ ಬೇಕು. ಹೀಗಾಗಿ ದೃಷ್ಟಿಹೀನ ಸಂಗೀತಗಾರರು ಅದನ್ನು ಸಲೀಸಾಗಿ ಬಳಸಿದರು. ನಂತರ ವಿಂಡೋಸ್ ಬಂತು. ಪಟ್ಟಿಗಳ ಜಾಗದಲ್ಲಿ ಇಟ್ಟಿಗೆಗಳು, ತಿರುಪುಗಳು, ಬಣ್ಣಗಳು ಬಂದವು. ಎಲ್ಲರೂ ಪ್ರಗತಿ ಎಂದು ಕರೆದ ಈ ಬದಲಾವಣೆ ಅವರ ಪಾಲಿಗೆ ಬಾಗಿಲು ಮುಚ್ಚಿದಂತಾಯಿತು. ಹಾರ್ಮೋನಿಯಂ ಮಾಡುವವರು ಯಾರೂ ರಾತ್ರೋರಾತ್ರಿ ಬಂದು ನುಡಿಸುವವರ ಮನೆಗಳನ್ನು ಕಿತ್ತು ಬೇರೆ ಕಡೆ ಜೋಡಿಸಿ ಹೋಗುವುದಿಲ್ಲ. ತಂತ್ರಾಂಶದಲ್ಲಿ ಅದು ಪ್ರತಿ ಹೊಸ ಆವೃತ್ತಿಯಲ್ಲೂ ಆಗಬಹುದು.

ತೇಪೆ ಹಾಕಲು ಜನ ಮುಂದೆ ಬಂದರು. ಡ್ಯಾನ್ಸಿಂಗ್ ಡಾಟ್ಸ್ ಎಂಬ ಅಮೆರಿಕದ ಸಂಸ್ಥೆ ‘ಕೇಕ್‌ಟಾಕಿಂಗ್’ ಎಂಬ ಸ್ಕ್ರಿಪ್ಟ್‌ಗಳ ಕಟ್ಟನ್ನು ಮಾರಿತು. ಅದು ಜಾಸ್ ಎಂಬ ಸ್ಕ್ರೀನ್ ರೀಡರಿಗೆ ಕೇಕ್‌ವಾಕ್ ಮತ್ತು ಅದರ ಮುಂದಿನ ರೂಪವಾದ ಸೋನಾರ್‌ನ ಪರದೆಯನ್ನು ವಿವರಿಸಿ ಹೇಳುತ್ತಿತ್ತು. ಆದರೆ ಅಂಥ ಸ್ಕ್ರಿಪ್ಟುಗಳು ಆಯಾ ಆವೃತ್ತಿಯ ಪರದೆಗೇ ಕಟ್ಟುಬಿದ್ದಿರುತ್ತವೆ. ಪರದೆ ಬದಲಾದರೆ ಮತ್ತೆ ಮೊದಲಿನಿಂದ. ಕೊನೆಗೆ ತಂತ್ರಾಂಶದ ಬುಡವೇ ಅಲ್ಲಾಡಿತು: ಕೇಕ್‌ವಾಕ್ ಕಂಪನಿಯನ್ನು 2013ರಲ್ಲಿ ಕೊಂಡ ಗಿಬ್ಸನ್ 2017ರ ನವೆಂಬರಿನಲ್ಲಿ ಅದರ ಕೆಲಸ ನಿಲ್ಲಿಸಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಳಿಸಿಕೊಂಡದ್ದು ನಿಜ.

ಅಷ್ಟರಲ್ಲಿ ಬೇರೊಂದು ಬಾಗಿಲು ತೆರೆದಿತ್ತು, ಅದೂ ಯಾರೂ ಉದ್ದೇಶಪಟ್ಟು ತೆರೆದದ್ದಲ್ಲ. ವಿನ್‌ಆಂಪ್ ಬರೆದು ಹೆಸರಾದ ಜಸ್ಟಿನ್ ಫ್ರಾಂಕೆಲ್, ಎಓಎಲ್ ಕಂಪನಿ ಬಿಟ್ಟ ಮೇಲೆ ರೀಪರ್ ಎಂಬ ತಂತ್ರಾಂಶ ಶುರು ಮಾಡಿದ. 2006ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ರೀಪರ್‌ನಲ್ಲಿ ಬಹುತೇಕ ಪ್ರತಿಯೊಂದು ಕೆಲಸವೂ ಒಂದು ‘ಆ್ಯಕ್ಷನ್’. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಅವುಗಳ ಪಟ್ಟಿ ತೆರೆಯುತ್ತದೆ, ಸಾವಿರಾರು. ಯಾವುದಕ್ಕೂ ಯಾವ ಕೀಲಿಯನ್ನಾದರೂ ಕೊಡಬಹುದು. ನಾಲ್ಕಾರು ಆ್ಯಕ್ಷನ್‌ಗಳನ್ನು ಪೋಣಿಸಿ ಹೊಸದೊಂದನ್ನು ಮಾಡಿಕೊಳ್ಳಬಹುದು, ಸ್ಕ್ರಿಪ್ಟ್ ಬರೆದು ಇಲ್ಲದ್ದನ್ನು ಸೇರಿಸಬಹುದು, ಮೌಸಿನ ನಡವಳಿಕೆಯನ್ನೂ ತಿದ್ದಬಹುದು. ಈ ಕೀಲಿಪಟ್ಟಿಯೆಲ್ಲ ಒಂದು ಸಾದಾ ಪಠ್ಯದ ಫೈಲಿನಲ್ಲಿ ಇರುತ್ತದೆ. ನಕಲು ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಒಬ್ಬರ ಕೀಲಿಪಟ್ಟಿ ಓದಿದರೆ ಅವರು ಎಂಥ ಕೆಲಸ ಮಾಡುತ್ತಾರೆಂದು ಸುಮಾರಾಗಿ ಹೇಳಬಹುದು. ಇತಿಹಾಸದ ವಿದ್ಯಾರ್ಥಿಗೆ ಅದೊಂದು ದಾಖಲೆಯೇ.

ಇಷ್ಟೆಲ್ಲ ತಿದ್ದುವ ಸ್ವಾತಂತ್ರ್ಯ ಕಾಣುವವರಿಗೆ ಒಂದು ಬಗೆಯ ಚಟವಾಗಿಯೂ ಒದಗಿದೆ. ಹಾಡು ಮುಗಿಸುವ ಬದಲು ಇಡೀ ದಿನ ಶಾರ್ಟ್‌ಕಟ್ ಹೊಂದಿಸುತ್ತ ಕೂರುವವರಿಗೇನೂ ಬರವಿಲ್ಲ. ಆದರೆ ಜೇಮ್ಸ್ ಟೆಹ್ ಅದರಲ್ಲಿ ಬೇರೆಯೇ ಸಾಧ್ಯತೆ ಕಂಡ. ಆತ ಮತ್ತು ಮೈಕಲ್ ಕರ್ರನ್ ಆಸ್ಟ್ರೇಲಿಯಾದವರು, ಇಬ್ಬರೂ ದೃಷ್ಟಿಹೀನರು. 2006ರಲ್ಲಿ ಕರ್ರನ್ ಆರಂಭಿಸಿದ, ಟೆಹ್ ಕೈಜೋಡಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಟೆಹ್ ರೀಪರ್‌ಗಾಗಿ ‘ಒಸಾರಾ’ ಎಂಬ ವಿಸ್ತರಣೆ ಬರೆದ. ಅದೂ ಉಚಿತ, ಅದರ ಮೂಲ ಕೋಡೂ ಮುಕ್ತ. ಯಾವ ಟ್ರ್ಯಾಕಿನಲ್ಲಿದ್ದೀರಿ, ಎಷ್ಟನೆಯ ಬಾರ್, ಎಷ್ಟನೆಯ ಬೀಟ್, ತುಣುಕು ತುಂಡಾಯಿತೇ ಇಲ್ಲವೇ ಎಂಬುದನ್ನು ಅದು ಬಾಯಿಬಿಟ್ಟು ಹೇಳಿಸುತ್ತದೆ. ರೀಪರ್ ಮೊದಲೇ ಎಲ್ಲವನ್ನೂ ಕೀಲಿಗೆ ಸಿಗುವಂತೆ ಇಟ್ಟಿದ್ದರಿಂದ ಒಸಾರಾ ಮುಖ್ಯವಾಗಿ ಮಾಡಬೇಕಾದದ್ದು ಮಾತು ಕೊಡುವುದನ್ನು. ಪರದೆಯ ಚಿತ್ರವನ್ನು ಹೊರಗಿನಿಂದ ಊಹಿಸುವ ಹಳೆಯ ಪಾಡು ತಪ್ಪಿತು. ಏಬಲ್ಟನ್ ಲೈವ್‌ಗೆ ಸ್ಕ್ರೀನ್ ರೀಡರ್ ಬೆಂಬಲ ಬಂದದ್ದು 2024ರ 12ನೆಯ ಆವೃತ್ತಿಯಲ್ಲಿ, ಮೊದಲ ಆವೃತ್ತಿ ಬಂದು ಇಪ್ಪತ್ತೆರಡು ವರ್ಷ ದಾಟಿದ ಮೇಲೆ.

ಒಸಾರಾ ತನ್ನದೇ ಒಂದು ಕೀಲಿಪಟ್ಟಿಯನ್ನೂ ತರುತ್ತದೆ. ಅಳವಡಿಸುವಾಗಲೇ, ಈಗಿರುವ ನಿಮ್ಮ ಪಟ್ಟಿಯ ಜಾಗದಲ್ಲಿ ಇದನ್ನು ಹಾಕಲೇ ಎಂದು ಕೇಳುತ್ತದೆ. ಆ ಪಟ್ಟಿಯಲ್ಲಿ ಎಫ್12 ರೆಕಾರ್ಡೂ ಅಲ್ಲ, ಹವಾಮಾನವೂ ಅಲ್ಲ. ಅದನ್ನು ಒತ್ತಿದ ಮೇಲೆ ಯಾವ ಕೀಲಿ ಒತ್ತಿದರೂ ಕೆಲಸ ನಡೆಯುವುದಿಲ್ಲ, ಆ ಕೀಲಿಗೆ ಯಾವ ಕೆಲಸ ವಹಿಸಿದೆ ಎಂಬುದಷ್ಟೇ ಕಿವಿಗೆ ಬೀಳುತ್ತದೆ. ಒಂದೊಂದೇ ಒತ್ತಿ, ಕೇಳಿ, ಮತ್ತೆ ಎಫ್12 ಒತ್ತಿ ಕೆಲಸಕ್ಕೆ ಮರಳಬಹುದು.